ಜವಾರಿ ತೀಡುವ ಕೈ: ಅಬ್ದುಲ್ ಕರೀಂ ಖಾನರ ನಾದದ ಬದುಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕು ಊರಿನ ಕಡೆಯ ಹುಡುಗ ಹುಡುಗಿಯರು ಗಿಟಾರ್ ಹಿಡಿದರೆ ಸಾಕು, ಆರು ತಿಂಗಳಲ್ಲಿ ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಲ್ತಾರೆ. ತಮಗಿಷ್ಟದ ಹಾಡಿನಲ್ಲಿ ಕೇಳುವ ಆ ನಾದ ತಮ್ಮ ಗಿಟಾರಿನಲ್ಲಿ ಯಾಕೆ ಬರ್ತಿಲ್ಲ? ಪೆಡಲ್ ಬದಲಿಸಬೇಕಾ, ಆಂಪ್ ಬದಲಿಸಬೇಕಾ, ಸಾಲ ಮಾಡಿ ಹೊಸ ಬೇಸ್ ಗಿಟಾರ್ ತರಬೇಕಾ? ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನು ಎಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಹತ್ತಿರವೂ ಬರುತ್ತೆ. ಉತ್ತರವಾಗಿ ನಾನು ಒಂದು ಸಾಮಾನಿನ ಪಟ್ಟಿ ಕೊಡಬಹುದು. ಅದಕ್ಕಿಂತ ಒಬ್ಬ ಮನುಷ್ಯನ ಕತೆ ಹೇಳುವುದು ವಾಸಿ ಅನ್ನಿಸುತ್ತೆ. ಆತ ಗಿಟಾರ್ ಮುಟ್ಟಿದವನಲ್ಲ. ಆದರೆ ಬೇಕಾದ ನಾದಕ್ಕಾಗಿ ಬೇಕಾದ ವಾದ್ಯವನ್ನು ಹುಡುಕುವ, ಸಿಗದಿದ್ದರೆ ತಾನೇ ತಿದ್ದಿಕೊಳ್ಳುವ ಕೆಲಸಕ್ಕೆ ಇಡೀ ಬದುಕನ್ನೇ ಕೊಟ್ಟವನು.

ಹೆಸರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಹುಟ್ಟಿದ್ದು 1872ರಲ್ಲಿ, ತೀರಿಕೊಂಡದ್ದು 1937ರಲ್ಲಿ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ ಉತ್ತರ ಕರ್ನಾಟಕದ ಗಾಯನಕ್ಕೆ ಬೇರು ಈತನೇ. ಹಾಡುಗಾರನಾಗಿ ಈತನನ್ನು ಹೊಗಳಿದ ಬರಹಗಳಿಗೆ ಕೊರತೆಯಿಲ್ಲ. ನಾನು ಇಲ್ಲಿ ನೋಡಹೊರಟಿರುವುದು ಇನ್ನೊಬ್ಬ ಅಬ್ದುಲ್ ಕರೀಂನನ್ನು: ತಂಬೂರಿಯ ಕುದುರೆಯ ಮೇಲೆ ಬಗ್ಗಿ, ತಂತಿಯ ಕೆಳಗೆ ನೂಲು ಸರಿಸುತ್ತ ಕೂತ ದುರಸ್ತಿಗಾರನನ್ನು.

ಸಾರಂಗಿಯವರ ಮನೆ

ಆತ ಹುಟ್ಟಿದ ಊರು ಕೈರಾನಾ, ಇವತ್ತಿನ ಉತ್ತರ ಪ್ರದೇಶದ ಶಾಮ್ಲಿ ಜಿಲ್ಲೆಯಲ್ಲಿದೆ. ಕಿರಾನಾ ಘರಾನೆ ಅನ್ನುವ ಹೆಸರು ಬಂದದ್ದು ಆ ಊರಿನಿಂದ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್, ಇಬ್ಬರ ಹತ್ತಿರವೂ ಕಲಿಕೆ ನಡೆಯಿತು. ಹುಡುಗ ಮೊದಲು ಕೈಗೆತ್ತಿಕೊಂಡದ್ದು ಸಾರಂಗಿ. ಬೀನ್, ಸಿತಾರ್, ತಬಲಾಗಳೂ ಕೈಗೆ ಬಂದವು. ಹಾಡಿಕೆ ಆಮೇಲೆ ಮುಂದೆ ಬಂತು.

ಈ ವಿವರವನ್ನು ಹಗುರವಾಗಿ ತಗೋಬೇಡಿ. ಹಿಂದೂಸ್ತಾನಿ ಸಂಗೀತದೊಳಗೂ ಮೇಲು-ಕೀಳಿನ ಏಣಿ ಇದೆ. ಧ್ರುಪದ ಹಾಡುವವರು, ಬೀನ್ ನುಡಿಸುವವರು ಮೇಲಿನ ಮೆಟ್ಟಿಲಲ್ಲಿ. ತವಾಯಫರ ಹಿಂದೆ ಕೂತು ಸಾರಂಗಿ ನುಡಿಸುವವರು ಕೆಳಗೆ. ಸಾರಂಗಿಯ ಮನೆಯಿಂದ ಬಂದ ಗಾಯಕನಿಗೆ ಆ ಹಣೆಪಟ್ಟಿ ಸುಲಭಕ್ಕೆ ಬಿಡೋದಿಲ್ಲ. ಆದರೆ ಅಬ್ದುಲ್ ಕರೀಂನ ಕಿವಿ ತಯಾರಾದದ್ದು ಇದೇ ಕೆಳಗಿನ ಮೆಟ್ಟಿಲಿನಲ್ಲಿ. ಸಾರಂಗಿಗೆ ಮೆಟ್ಟಿಲುಗಳಿಲ್ಲ, ಅಂದರೆ ಗಿಟಾರಿನ ಫ್ರೆಟ್‌ನಂಥದ್ದು ಏನೂ ಇಲ್ಲ. ಬೆರಳಿನ ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ಒತ್ತಿ ಸ್ವರವನ್ನು ಹುಡುಕಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಸ್ವರ ತಪ್ಪುತ್ತೆ. ಅದು ಸರಿಯಾದ ಜಾಗವೋ ಅಲ್ಲವೋ ಎಂದು ಹೇಳುವುದು ಕಿವಿ ಒಂದೇ.

ಮುಂದೆ ಆತ ಹಾಡಿದಾಗ ಜನ ಗುರುತಿಸಿದ್ದು ಅದನ್ನೇ. ದಪ್ಪ, ಗಡಸು, ಸಭೆಯನ್ನು ನಡುಗಿಸುವ ದನಿ ಅದಲ್ಲ. ತೆಳುವಾದ, ಎತ್ತರದ ಶ್ರುತಿಯ, ಎಳೆ ಎಳೆಯಾಗಿ ಹರಿಯುವ ದನಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದು ಕಡಿಮೆ, ಜಾರುವುದು ಹೆಚ್ಚು. ಗಂಟಲಿನಲ್ಲೇ ಸಾರಂಗಿ ಇಟ್ಟುಕೊಂಡಂತೆ. ತನ್ನ ದನಿ ಎಂಥದ್ದು ಎಂದು ಗೊತ್ತಿದ್ದ ಮನುಷ್ಯ ಅದಕ್ಕೆ ಒಪ್ಪುವ ಶ್ರುತಿ, ಒಪ್ಪುವ ರಾಗ, ಒಪ್ಪುವ ತಂಬೂರಿ ಆರಿಸಿಕೊಂಡ. ಇನ್ನೊಬ್ಬರ ನಾದವನ್ನು ನಕಲು ಮಾಡಲು ಹೋಗಲಿಲ್ಲ.

ಬರೋಡಾದಿಂದ ಹೊರಟವರು

ಯೌವನದಲ್ಲಿ ಅಬ್ದುಲ್ ಕರೀಂ ತಮ್ಮ ಅಬ್ದುಲ್ ಹಕ್ ಜತೆ ಬರೋಡಾ ಸಂಸ್ಥಾನದ ಆಶ್ರಯ ಪಡೆದ. ಅಲ್ಲಿ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಈತನಿಂದ ಸಂಗೀತ ಕಲಿಯುತ್ತಿದ್ದಳು. ಇಬ್ಬರೂ ಪ್ರೀತಿಸಿದರು. ಮರಾಠಾ ಸರದಾರನ ಮಗಳು, ಮುಸ್ಲಿಂ ದರ್ಬಾರಿ ಗಾಯಕ. ಬರೋಡಾದಲ್ಲಿ ಇರುವಂತಿರಲಿಲ್ಲ, ಊರು ಬಿಟ್ಟು ಮುಂಬೈ ಕಡೆ ಹೊರಟರು. ಇಂದು ಇದೇ ಜೋಡಿ ಓಡಿಹೋಗಿದ್ದರೆ ಯಾವ ಚಾನೆಲ್ಲಿನಲ್ಲಿ ಯಾವ ತಲೆಬರಹ ಓಡುತ್ತಿತ್ತು ಅನ್ನೋದನ್ನ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಂತ ಇದನ್ನು ಬರೀ ಪ್ರೇಮಕತೆ ಮಾಡುವುದೂ ನ್ಯಾಯವಲ್ಲ. ಅಬ್ದುಲ್ ಕರೀಂಗೆ ಆಗಲೇ ಗಫೂರನ್ ಎಂಬ ಹೆಂಡತಿ ಇದ್ದಳು. ಆಕೆ ಕಿರಾನಾದ ಇನ್ನೊಬ್ಬ ದೊಡ್ಡ ಗಾಯಕ ಅಬ್ದುಲ್ ವಹೀದ್ ಖಾನರ ತಂಗಿ. ಈ ಬೆಳವಣಿಗೆಯಿಂದ ಎರಡು ಮನೆಗಳ ನಡುವೆ ಬಿರುಕು ಬಿತ್ತು. ಸ್ವರದ ವಿಷಯದಲ್ಲಿ ಕೂದಲೆಳೆಯಷ್ಟೂ ತಪ್ಪು ಸಹಿಸದ ಮನುಷ್ಯ ಮನೆಯ ವಿಷಯದಲ್ಲಿ ಅಷ್ಟು ಎಚ್ಚರದಿಂದ ಇರಲಿಲ್ಲ. ಇದರ ಬೆಲೆ ಮುಂದೆ ತೆರಬೇಕಾಯಿತು.

ದಂಪತಿಯ ಅಲೆದಾಟ ದಕ್ಷಿಣಕ್ಕೆ ತಿರುಗಿತು. ಪ್ಲೇಗು ಹಬ್ಬಿದ್ದ ಕಾಲ. ಮೀರಜ್‌ನಲ್ಲಿ ಅಬ್ದುಲ್ ಕರೀಂಗೆ ಪ್ಲೇಗು ತಗುಲಿ, ಖ್ವಾಜಾ ಮೀರಾಸಾಹೇಬ್ ದರ್ಗಾದಲ್ಲಿ ಹಾಡಿ ಗುಣವಾದ ಎಂಬ ಪ್ರತೀತಿ ಇದೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ದರ್ಗಾದ ನಂಟು ಮಾತ್ರ ಸಾಯುವತನಕ ಉಳಿಯಿತು, ಮೀರಜ್ ಆತನ ಊರಾಯಿತು.

ಕತ್ತಿ ಸಾಣೆ ಹಿಡಿದವರ ತಂಬೂರಿ

ಮೀರಜ್ ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ, ನಮ್ಮ ಬೆಳಗಾವಿ ಗಡಿಗೆ ಅಂಟಿಕೊಂಡಂತೆ. ಆ ಊರಿಗೆ ಒಂದು ವಿಶೇಷ ಇದೆ. ದೇಶದ ಒಳ್ಳೆಯ ತಂಬೂರಿ, ಸಿತಾರ್‌ಗಳು ಅಲ್ಲಿ ತಯಾರಾಗುತ್ತವೆ. ಮಾಡುವವರು ಶಿಕಲ್ಗಾರರು, ಮೂಲದಲ್ಲಿ ಕತ್ತಿ-ಭರ್ಜಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಕುಶಲಕರ್ಮಿಗಳು. ಬ್ರಿಟಿಷರ ಆಳ್ವಿಕೆಯಲ್ಲಿ ಆಯುಧಗಳಿಗೆ ಗಿರಾಕಿ ಇಲ್ಲದಂತಾದಾಗ, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫರೀದ್‌ಸಾಹೇಬ್ ಎಂಬ ಶಿಕಲ್ಗಾರ ವಾದ್ಯಗಳ ದುರಸ್ತಿಗೆ, ಆಮೇಲೆ ತಯಾರಿಕೆಗೆ ಕೈ ಹಾಕಿದ. ಅವನ ವಂಶದವರು ಸಿತಾರ್‌ಮೇಕರ್ ಎಂದೇ ಹೆಸರಾದರು. ಪಂಢರಪುರದ ಸುತ್ತ ಬೆಳೆಯುವ ದೊಡ್ಡ ಬುರುಡೆಗಳು ಬರುತ್ತವೆ, ಅವು ಒಣಗಿ ಗಟ್ಟಿಯಾದ ಮೇಲೆ ಕೆಲಸ ಶುರು.

ತಂಬೂರಿ ನೋಡಲು ಸರಳ. ನಾಲ್ಕು ತಂತಿ, ಒಂದು ಬುರುಡೆ, ಒಂದು ದಂಡಿ, ಬಿರಡೆಗಳು, ಶ್ರುತಿಯನ್ನು ನವಿರಾಗಿ ತಿದ್ದಲು ಮಣಿಗಳು. ಅದರ ಜೀವ ಇರುವುದು ಕುದುರೆಯಲ್ಲಿ, ಅಂದರೆ ತಂತಿ ಹಾದುಹೋಗುವ ಆ ಚಿಕ್ಕ ಸೇತುವೆಯಲ್ಲಿ. ಗಿಟಾರಿನಲ್ಲಿ ತಂತಿ ಒಂದು ಚೂಪಾದ ಅಂಚಿನ ಮೇಲೆ ಕೂರುತ್ತೆ. ತಂಬೂರಿಯ ಕುದುರೆ ಹಾಗಲ್ಲ, ಅಗಲವಾಗಿ, ಬಹಳ ಸಣ್ಣ ಇಳಿಜಾರಿನಲ್ಲಿ ಬಾಗಿರುತ್ತೆ. ತಂತಿ ಅಲುಗಿದಾಗಲೆಲ್ಲ ಆ ಬಾಗಿಗೆ ತಾಗುತ್ತ ಬಿಡುತ್ತ ಇರುತ್ತೆ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ಅಥವಾ ರೇಷ್ಮೆಯ ನೂಲೆಳೆ ಸಿಕ್ಕಿಸುತ್ತಾರೆ. ಅದನ್ನು ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಸಿದರೆ ಸಾಕು, ಸತ್ತಂತಿದ್ದ ತಂತಿ ಝೇಂಕರಿಸುತ್ತೆ. ಆ ಝೇಂಕಾರಕ್ಕೆ, ಅದನ್ನು ಕೊಡುವ ಕುದುರೆಯ ತೀಡುವಿಕೆಗೆ ಜವಾರಿ ಅಂತಾರೆ.

ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಈ ಶಬ್ದ ಕೇಳಿ ನಗು ಬರಬಹುದು. ನಮಗೆ ಜವಾರಿ ಅಂದ್ರೆ ಜವಾರಿ ಬದನೆಕಾಯಿ, ಜವಾರಿ ಕೋಳಿ, ಅಂಗಡಿಯಿಂದ ತರದ ಊರ ತಳಿ. ಅಬ್ದುಲ್ ಕರೀಂನ ವಿಷಯದಲ್ಲಿ ಎರಡು ಅರ್ಥವೂ ಹೊಂದುತ್ತವೆ. ಕುದುರೆ ತೀಡುವುದು, ಮುರಿದ ವಾದ್ಯವನ್ನು ಸರಿಮಾಡುವುದು ಈ ಗಾಯಕನಿಗೆ ಕೈಯಾರೆ ಗೊತ್ತಿದ್ದ ಕೆಲಸ. ದೊಡ್ಡ ಉಸ್ತಾದನಾದ ಮೇಲೂ ಅದು ತನ್ನ ಘನತೆಗೆ ಕಡಿಮೆ ಎಂದು ಆತ ತಿಳಿಯಲಿಲ್ಲ. ಹಾಡು ಶುರುವಾಗುವ ಮೊದಲು ತಂಬೂರಿಯನ್ನು ಶ್ರುತಿಗೆ ತರುವುದೇ ಆತನ ಸಂಗೀತದ ಮೊದಲ ಭಾಗ. ಕಿರಾನಾದವರು ಇವತ್ತಿಗೂ ತಂಬೂರಿಯ ವಿಷಯದಲ್ಲಿ ಹಟಮಾರಿಗಳು ಅನ್ನಿಸಿಕೊಂಡಿರುವುದು ಇದರಿಂದಲೇ.

ಒಂದು ನೂಲೆಳೆಯ ಭೌತವಿಜ್ಞಾನ

ಈಗ ಸ್ವಲ್ಪ ಇಂಜಿನಿಯರ್ ಮಾತು. ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ, ಮಧ್ಯದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು, ಅಂದರೆ ಎರಡನೆಯದು, ನಾಲ್ಕನೆಯದು, ಆರನೆಯದು ಹುಟ್ಟಬಾರದು. ಇದು ಯೂರೋಪಿನಲ್ಲಿ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ನೆಲೆಗೊಂಡ ನಿಯಮ. 1921ರಲ್ಲಿ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ತಂಬೂರಿ, ವೀಣೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದು, ನಮ್ಮ ಈ ವಾದ್ಯಗಳು ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ ಎಂದು. ಎಲ್ಲಿ ಮೀಟಿದರೂ ಮೇಲಿನ ಉಪಸ್ವರಗಳು ಜೋರಾಗಿಯೇ ಬರುತ್ತವೆ. ಕಾರಣ ಆ ಬಾಗಿದ ಕುದುರೆ, ಆ ನೂಲೆಳೆ. ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು ರಾಮನ್ ಲೆಕ್ಕ ಬರೆದು ವಿವರಿಸಿದ್ದನ್ನು ಶಿಕಲ್ಗಾರರ ಅರ, ಉಸ್ತಾದನ ಬೆರಳು ಮೊದಲೇ ಬಲ್ಲವಾಗಿದ್ದವು.

ಎಲೆಕ್ಟ್ರಿಕ್ ಗಿಟಾರಿನಲ್ಲೂ ಇದೇ ಆಟ, ಬೇರೆ ವೇಷ. ಪಿಕಪ್ ತನ್ನ ನೇರ ಮೇಲಿರುವ ತಂತಿಯ ಅಲುಗಾಟವನ್ನು ಮಾತ್ರ ಕೇಳುತ್ತೆ. ಅಲುಗದೆ ನಿಂತ ಬಿಂದುವಿನ ಕೆಳಗೆ ಪಿಕಪ್ ಇದ್ದರೆ ಆ ಉಪಸ್ವರ ಅದಕ್ಕೆ ಕೇಳೋದೇ ಇಲ್ಲ. ಕುತ್ತಿಗೆ ಕಡೆಯ ಪಿಕಪ್ ದುಂಡಗೆ ನುಡಿಯುವುದು, ಕುದುರೆ ಕಡೆಯದು ಚೂಪಾಗಿ ನುಡಿಯುವುದು ಇದಕ್ಕೇ. ನೀವು ಮೀಟುವ ಜಾಗ ನಾಲ್ಕು ಬೆರಳು ಆಚೆ ಸರಿದರೆ ಆಗುವ ಬದಲಾವಣೆ ಎಷ್ಟೋ ಪೆಡಲ್‌ಗಳು ಮಾಡುವುದಕ್ಕಿಂತ ಹೆಚ್ಚು. ಹಾಗೇನೇ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತೆ. ಅದನ್ನು ನಿಮ್ಮ ಮೊಬೈಲಿನ ಸ್ಪೀಕರ್ ಹೊರಡಿಸಲಾರದು. ನೀವು ಮೊಬೈಲಿನಲ್ಲಿ ಕೇಳಿ ಮೆಚ್ಚಿದ ಬೇಸ್, ಬಹುಪಾಲು ಉಪಸ್ವರಗಳಿಂದ ನಿಮ್ಮ ಮಿದುಳು ಕಟ್ಟಿಕೊಂಡದ್ದು. ಅದನ್ನು ಬೆನ್ನು ಹತ್ತಿ ಕೊಳ್ಳಲು ಹೊರಟರೆ ಜೇಬು ಖಾಲಿಯಾಗುತ್ತೆ, ನಾದ ಸಿಗೋದಿಲ್ಲ. ಮೊದಲು ಒಂದು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ.

ಕಿವಿ ಯಾರದು, ಪುಸ್ತಕ ಯಾರದು

ಅಬ್ದುಲ್ ಕರೀಂನ ಬದುಕಿನ ಅತಿ ರಾಜಕೀಯ ಅಧ್ಯಾಯ ನನ್ನ ಪ್ರಕಾರ ಇದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರ್, ಹಳೆಯ ಗ್ರಂಥಗಳಲ್ಲಿ ಹೇಳಿದ 22 ಶ್ರುತಿಗಳ ನಿಜವಾದ ಜಾಗ ಯಾವುದು ಎಂದು ಅಳೆಯಲು ಹೊರಟರು. ಅಳೆಯಬೇಕಾದರೆ ಯಾರಾದರೂ ತಪ್ಪಿಲ್ಲದೆ ಹಾಡಿ ತೋರಿಸಬೇಕಲ್ಲ. ಹಾಗೆ ತೋರಿಸಿದವರಲ್ಲಿ ಮುಖ್ಯ ಅಬ್ದುಲ್ ಕರೀಂ. ದೇವಲರ ಪುಸ್ತಕ 1910ರಲ್ಲಿ ಹೊರಬಂತು. ಐಸಿಎಸ್ ಅಧಿಕಾರಿ ಇ. ಕ್ಲೆಮೆಂಟ್ಸ್ ಇದೇ ದಾರಿಯಲ್ಲಿ ಮುಂದುವರಿದು 1913ರಲ್ಲಿ ತಮ್ಮ ಪುಸ್ತಕ ತಂದರು. 22 ಶ್ರುತಿಗಳನ್ನು ನುಡಿಸಬಲ್ಲ ವಿಶೇಷ ಹಾರ್ಮೋನಿಯಂ ಕೂಡ ತಯಾರಾಯಿತು.

ಈ ಪ್ರಯತ್ನದ ಹಿಂದಿನ ಕೊರಗು ನಿಜವಾದದ್ದೇ. ಸಾಮಾನ್ಯ ಹಾರ್ಮೋನಿಯಂ, ಪಿಯಾನೊ, ನಮ್ಮ ಗಿಟಾರ್ ಇವೆಲ್ಲ ಒಂದು ಸಪ್ತಕವನ್ನು ಸಮನಾದ 12 ಭಾಗ ಮಾಡುತ್ತವೆ. ಲೆಕ್ಕಕ್ಕೆ ಅನುಕೂಲ. ಆದರೆ ತಂಬೂರಿಯ ಷಡ್ಜದ ತಂತಿ ಚೆನ್ನಾಗಿ ಝೇಂಕರಿಸಿದಾಗ ಅದರೊಳಗಿಂದ ತಾನಾಗಿ ಒಂದು ಗಾಂಧಾರ ಹುಟ್ಟುತ್ತೆ. ಪಿಯಾನೊದ ಗಾಂಧಾರ ಅದಕ್ಕಿಂತ 14 ಸೆಂಟ್ ಮೇಲಿದೆ, ಅಂದರೆ ಅರ್ಧ ಸ್ವರದ ನೂರರಲ್ಲಿ ಹದಿನಾಲ್ಕು ಪಾಲು. ಕಡಿಮೆ ಅನ್ನಿಸಬಹುದು. ಸಾರಂಗಿಯಲ್ಲಿ ಪಳಗಿದ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು.

ಈ ಜಗಳ ನಮ್ಮ ನೆಲಕ್ಕೆ ಹೊಸದಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ವಿಜಯನಗರ. ಅಲ್ಲಿ 1550ರಲ್ಲಿ, ಅಳಿಯ ರಾಮರಾಯನ ಕಾಲದಲ್ಲಿ, ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದ. ವೀಣೆಯ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು, ಯಾವ ತಂತಿಯನ್ನು ಯಾವ ಸ್ವರಕ್ಕೆ ಏರಿಸಬೇಕು ಎಂಬುದೇ ಅದರ ದೊಡ್ಡ ಚಿಂತೆ. ತಾನಾಗಿ ಹುಟ್ಟುವ ಸ್ವರಗಳಿಗೆ ಆತ ಸ್ವಯಂಭೂ ಎಂದು ಕರೆದ. ಮೆಟ್ಟಿಲು ಕೂರಿಸಿದರೆ ಎಲ್ಲರಿಗೂ ಸುಲಭ, ಆದರೆ ಏನೋ ಒಂದಿಷ್ಟು ಕೈಬಿಡಬೇಕು. ನಾಲ್ಕು ಶತಮಾನದ ನಂತರ, 1951ರಲ್ಲಿ, ಅಮೆರಿಕದ ಲಿಯೊ ಫೆಂಡರ್ ಇದೇ ಕೊಡು-ಕೊಳ್ಳುವಿಕೆ ಮಾಡಿದ. ಮೆಟ್ಟಿಲಿಲ್ಲದ ದೈತ್ಯ ಡಬಲ್ ಬೇಸ್ ಬದಲು ಮೆಟ್ಟಿಲಿರುವ ಎಲೆಕ್ಟ್ರಿಕ್ ಬೇಸ್ ತಂದು, ಸ್ವರ ನಿಖರವಾಗಿ ಬೀಳುತ್ತೆ ಎಂಬ ಕಾರಣಕ್ಕೆ ಅದಕ್ಕೆ ಪ್ರಿಸಿಷನ್ ಎಂದು ಹೆಸರಿಟ್ಟ. ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆತ ರೇಡಿಯೊ ರಿಪೇರಿ ಅಂಗಡಿಯವನು.

ಶ್ರುತಿ ಹಾರ್ಮೋನಿಯಂ ಕತೆಗೆ ಮರಳೋಣ. 1916ರಲ್ಲಿ ಭಾತಖಂಡೆಯವರ ಮುಂದಾಳತ್ವದಲ್ಲಿ ಬರೋಡಾದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿತು. ಅಲ್ಲಿ ಈ ಹಾರ್ಮೋನಿಯಂ ಚರ್ಚೆಗೆ ಬಂತು, ಗಾಯಕರ ಕಿವಿ ಅದನ್ನು ಒಪ್ಪಲಿಲ್ಲ. ಸ್ವರವನ್ನು ಕೀಲಿಗೆ ಕಟ್ಟಿಹಾಕುವ ಸಾಹಸ ಅಲ್ಲಿಗೆ ಸೊರಗಿತು. ನನ್ನನ್ನು ಕಾಡುವುದು ಸೋಲು ಗೆಲುವಲ್ಲ. ದೇವಲ್, ಕ್ಲೆಮೆಂಟ್ಸ್, ಭಾತಖಂಡೆ ಇವರೆಲ್ಲ ಓದಿದವರು, ಅಧಿಕಾರಿಗಳು, ವಕೀಲರು. ಸಂಗೀತದ ಸಿದ್ಧಾಂತ ಇವರದ್ದಾಯಿತು. ಹಾಡಿ ತೋರಿಸಿದ ಉಸ್ತಾದರು ಆ ಸಿದ್ಧಾಂತಕ್ಕೆ ಕಚ್ಚಾ ಮಾಲು. ಅವರಿಗೆ ಗೊತ್ತು, ಆದರೆ ಅವರಿಗೆ ಗೊತ್ತಿರುವುದು ಜ್ಞಾನವಲ್ಲ, ಅಭ್ಯಾಸ ಮಾತ್ರ ಎಂಬ ಧೋರಣೆ ಆ ಕಾಲದ ಸಂಗೀತ ಸುಧಾರಣೆಯ ಉದ್ದಕ್ಕೂ ಹರಿದಿದೆ. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಮಷೀನು ರಿಪೇರಿ ಮಾಡುವವನಿಗೂ ಪೇಪರ್ ಬರೆಯುವವನಿಗೂ ಇರುವ ಅಂತರ ನೋಡಿದವರಿಗೆ ಇದು ಅರ್ಥವಾಗುತ್ತೆ. ಕೈಕೆಲಸವನ್ನು ಕೆಳಗಿಡುವ ಜಾತಿಯ ಚಾಳಿ ಸಂಗೀತವನ್ನೂ ಬಿಟ್ಟಿಲ್ಲ.

ಶಾಲೆ, ಮನೆ, ರೈಲು

ಅಬ್ದುಲ್ ಕರೀಂ ಇದನ್ನು ನೋಡುತ್ತ ಸುಮ್ಮನೆ ಕೂತವನಲ್ಲ. 1913ರಲ್ಲಿ ಪುಣೆಯಲ್ಲಿ ತನ್ನದೇ ಶಾಲೆ ತೆರೆದ. ಹೆಸರು ಆರ್ಯ ಸಂಗೀತ ವಿದ್ಯಾಲಯ. ಒಬ್ಬ ಮುಸ್ಲಿಂ ಉಸ್ತಾದ ತನ್ನ ಶಾಲೆಗೆ ಆ ಹೆಸರು ಇಟ್ಟಾಗ ಅದು ಯಾರಿಗೂ ಒಡೆದು ಹಂಚಿಕೊಳ್ಳುವ ಆಸ್ತಿಯಾಗಿ ಕಂಡಿರಲಿಲ್ಲ. ಮಕ್ಕಳನ್ನೂ ಶಿಷ್ಯರನ್ನೂ ಕಟ್ಟಿಕೊಂಡು ಟಿಕೆಟ್ ಇಟ್ಟು ಜಲಸಾ ಮಾಡಿ ಶಾಲೆಯ ಖರ್ಚು ತೂಗಿಸುತ್ತಿದ್ದ. ಟಿಪ್ಪು ಮಿಯಾ ಎಂಬ ನಾಯಿಗೂ ಸ್ವರ ಕಲಿಸಿದ್ದನೆಂಬ ಮಾತು ಇವತ್ತಿಗೂ ನಗು ತರಿಸುತ್ತೆ.

ಶಾಲೆ ಬಹಳ ಕಾಲ ಬಾಳಲಿಲ್ಲ. 1922ರಲ್ಲಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟಳು. ಮಕ್ಕಳ ಹೆಸರುಗಳೂ ಬದಲಾದವು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ ಎಂದು ದೇಶ ಗುರುತಿಸಿದ್ದು ಇವರನ್ನೇ. ಹೀರಾಬಾಯಿ ಮುಂದೆ ಕಲಿತದ್ದು ಅಬ್ದುಲ್ ವಹೀದ್ ಖಾನರ ಬಳಿ, ಅಂದರೆ ಗಫೂರನ್‌ಳ ಅಣ್ಣನ ಬಳಿ. ಟಿಕೆಟ್ ಇಟ್ಟು ಸಾರ್ವಜನಿಕ ವೇದಿಕೆಯಲ್ಲಿ ಘನತೆಯಿಂದ ಹಾಡಿದ ಮೊದಲ ಮಹಿಳೆಯರಲ್ಲಿ ಆಕೆ ಒಬ್ಬಳು. ಗಂಡನನ್ನು ಬಿಟ್ಟು ಐವರು ಮಕ್ಕಳನ್ನು ಬೆಳೆಸಿದ ತಾರಾಬಾಯಿಯ ಹೆಸರು ಘರಾನೆಯ ವಂಶವೃಕ್ಷದಲ್ಲಿ ಅಡ್ಡಗೆರೆಯ ಹತ್ತಿರ ಮಾತ್ರ ಸಿಗುತ್ತೆ. ಅದೂ ಒಂದು ಲೆಕ್ಕ ಬಾಕಿಯೇ.

ಇಷ್ಟರ ನಡುವೆ ಆತ ನಮ್ಮ ಕಡೆಗೆ ಬರುತ್ತಲೇ ಇದ್ದ. ಪುಣೆ, ಮೀರಜ್, ಬೆಳಗಾವಿ, ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಇವೆಲ್ಲವನ್ನೂ ಸದರ್ನ್ ಮರಾಠಾ ರೈಲ್ವೆಯ ಹಳಿ ಹೆಣೆದಿತ್ತು. ಆಗ ಮೀರಜ್ ಒಂದು ಮರಾಠಾ ಸಂಸ್ಥಾನ, ಧಾರವಾಡ ಮುಂಬೈ ಪ್ರಾಂತ್ಯ, ಕೊಪ್ಪಳ-ಯಲಬುರ್ಗಾ ನಿಜಾಮನ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರು. ಆಳುವವರು ಬೇರೆ ಬೇರೆ, ಹಳಿ ಒಂದೇ. ಕಂಪನಿ ನಾಟಕದವರು, ಕಲಾವಿದರು ಈ ಹಳಿಯ ಗುಂಟ ಸಂಚರಿಸಿದರು. ಹುಬ್ಬಳ್ಳಿ-ಧಾರವಾಡಕ್ಕೆ ಬಂದಿದ್ದಾಗಲೇ ಕುಂದಗೋಳದ ರಾಮಭಾವು ಎಂಬ ಹುಡುಗ ಶಿಷ್ಯನಾಗಿ ಸೇರಿದ. ಸುಮಾರು ಎಂಟು ವರ್ಷ ಕಲಿತ. ಅವನೇ ಸವಾಯಿ ಗಂಧರ್ವ. ಅವರಿಂದ ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ.

ಭೀಮಸೇನರು ಯಲಬುರ್ಗಾಕ್ಕೆ ಅಂಟಿಕೊಂಡ ರೋಣದವರು. ಬಾಲಕನಾಗಿದ್ದಾಗ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂನ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡದ್ದು, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಬ್ದುಲ್ ಕರೀಂನ ಮೊದಲ ಧ್ವನಿಮುದ್ರಣಗಳು 1905ರ ಸುಮಾರಿನವು. ಆಗ ಮೈಕು ಇರಲಿಲ್ಲ, ದೊಡ್ಡ ಕಹಳೆಯ ಬಾಯಿಗೆ ಹಾಡಬೇಕು. 1930ರ ದಶಕದ ನಡುವೆ ಓಡಿಯನ್ ಕಂಪನಿಗೆ ಹಾಡುವ ಹೊತ್ತಿಗೆ ಮೈಕು ಬಂದಿತ್ತು, ಒಂದು ಬದಿಗೆ ಸಿಗುತ್ತಿದ್ದುದು ಮೂರು ನಿಮಿಷದ ಆಸುಪಾಸು. ತಾಸುಗಟ್ಟಲೆ ರಾಗ ಬೆಳೆಸುವ ಮನುಷ್ಯ ಆ ಮೂರು ನಿಮಿಷಕ್ಕೆ ತನ್ನನ್ನು ತಿದ್ದಿಕೊಂಡ. ಗುಲ್ಲುಗುಲ್ಲಾದ ಆ ತಟ್ಟೆಗಳಲ್ಲೂ ಸ್ವರ ನೆಟ್ಟಗೆ ನಿಂತಿದೆ. ಸಲಕರಣೆ ಕಳಪೆ, ನಾದ ಕಳಪೆಯಲ್ಲ.

ದಕ್ಷಿಣದತ್ತಲೂ ಕಿವಿ ತೆರೆದೇ ಇತ್ತು. ಮೈಸೂರು ಅರಮನೆಯಲ್ಲಿ ಹಾಡಿದ, ಅಲ್ಲಿಂದ ಸಂಗೀತ ರತ್ನ ಎಂಬ ಬಿರುದು ಬಂತು. ಕರ್ನಾಟಕ ಸಂಗೀತದವರ ಸ್ವರ ಹಾಡುವ ಕ್ರಮವನ್ನು ತನ್ನ ಗಾಯನಕ್ಕೆ ತಂದುಕೊಂಡ, ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯನ್ನೇ ಹಾಡಿ ಧ್ವನಿಮುದ್ರಿಸಿದ. ಶುದ್ಧತೆಯ ಹೆಸರಿನಲ್ಲಿ ಬೇಲಿ ಹಾಕುವವರು ಒಮ್ಮೆ ಅದನ್ನು ಕೇಳಬೇಕು. ಶುದ್ಧ ಸ್ವರಕ್ಕಾಗಿ ಜೀವ ತೇಯ್ದವನಿಗೆ ಬೇಲಿಯ ಅಗತ್ಯವೇ ಬೀಳಲಿಲ್ಲ.

1937ರ ಅಕ್ಟೋಬರ್ 27. ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದಾಗ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದ. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಡಿಸಿ, ಪ್ರಾರ್ಥನೆ ಮಾಡಿ, ದರ್ಬಾರಿ ರಾಗದಲ್ಲಿ ಹಾಡುತ್ತ ಪ್ರಾಣ ಬಿಟ್ಟ ಎನ್ನುತ್ತಾರೆ. ದೇಹವನ್ನು ಮೀರಜ್‌ಗೆ ತಂದು ಅದೇ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು.

ಕೊಳ್ಳುವ ಮೊದಲು ತಿದ್ದಿ

ಹಾಗಾದರೆ ಗಿಟಾರ್ ಪ್ರಶ್ನೆಗೆ ಉತ್ತರ? ಅಬ್ದುಲ್ ಕರೀಂನ ಕ್ರಮವನ್ನೇ ಅನುಸರಿಸಿ. ಮೊದಲು ಕಿವಿ: ಬೇಕಾದ ನಾದವನ್ನು ಮಾತಿನಲ್ಲಿ ಹೇಳಲು ಬರಬೇಕು, ದುಂಡಗೋ ಚೂಪೋ, ಉದ್ದವೋ ಗಿಡ್ಡವೋ. ಆಮೇಲೆ ಕೈ: ಎಲ್ಲಿ ಮೀಟುತ್ತೀರಿ, ಬೆರಳಿನಿಂದಲೋ ಪಿಕ್ಕಿನಿಂದಲೋ. ಆಮೇಲೆ ಇದ್ದ ವಾದ್ಯದ ದುರಸ್ತಿ: ಹೊಸ ತಂತಿ, ಸರಿಯಾದ ದಪ್ಪ, ತಂತಿಯ ಎತ್ತರ, ಕುದುರೆಯ ಹೊಂದಾಣಿಕೆ. ಆಮೇಲೆ ಸ್ಪೀಕರ್. ಪೆಡಲ್ ಕೊನೆಗೆ. ಈ ಮೊದಲ ಮೂರಕ್ಕೆ ಆಗುವ ಖರ್ಚು ಒಂದು ಹೊಸ ಗಿಟಾರಿನ ಬೆಲೆಯ ಹತ್ತಿರಕ್ಕೂ ಬರೋದಿಲ್ಲ. ಕಂಪನಿಗಳು ಇದನ್ನು ನಿಮಗೆ ಹೇಳುವುದಿಲ್ಲ, ಹೇಳಿದರೆ ಅವರ ವ್ಯಾಪಾರ ಕೆಡುತ್ತೆ.

ಇನ್ನೊಂದು ಮಾತು, ಇದು ನಿಮ್ಮ ರಾಜಕೀಯಕ್ಕೆ ಸಂಬಂಧಿಸಿದ್ದು. ಮೀರಜ್‌ನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ನಮ್ಮ ಕೊಪ್ಪಳ ತಾಲೂಕಿನ ಕಿನ್ನಾಳದ ಬೊಂಬೆಗಳಿಗೆ ಅದು ಮೊದಲೇ ಸಿಕ್ಕಿದೆ. ಒಳ್ಳೆಯದೇ. ಆದರೆ ಜಿಐ ಉಳಿಸುವುದು ಊರಿನ ಹೆಸರನ್ನು. ಕುದುರೆ ತೀಡುವ ಶಿಕಲ್ಗಾರನ, ಮರ ಕೆತ್ತುವ ಚಿತ್ರಗಾರನ ಕೂಲಿಯನ್ನು ಉಳಿಸುವುದಿಲ್ಲ. ವೇದಿಕೆಯ ಮೇಲೆ ಪಂಡಿತರಿಗೆ ಶಾಲು, ಪುಸ್ತಕದಲ್ಲಿ ವಿದ್ವಾಂಸನಿಗೆ ಹೆಸರು, ತಂಬೂರಿ ಮಾಡಿದವನು ಯಾರೆಂದು ಸಭೆ ಕೇಳುವುದೇ ಇಲ್ಲ. ಅದೇ ಕುಶಲಕರ್ಮಿಯ ಸಮುದಾಯದಿಂದ ವ್ಯಾಪಾರ ಮಾಡಬೇಡಿ ಎಂದು ಕರಪತ್ರ ಹಂಚುವ ಕಾಲದಲ್ಲಿ, ಅವರು ಮಾಡಿಕೊಟ್ಟ ವಾದ್ಯದ ಝೇಂಕಾರದಲ್ಲಿ ಕೂತು ನಾವು ನಮ್ಮ ಸಂಸ್ಕೃತಿಯ ಬಗ್ಗೆ ಭಾಷಣ ಕೇಳುತ್ತೇವೆ.

ಮುಂದಿನ ಸಲ ನಿಮ್ಮೂರಿನ ಗವಿಮಠದ ಜಾತ್ರೆಯಲ್ಲೋ ಕಾಲೇಜಿನ ಕಾರ್ಯಕ್ರಮದಲ್ಲೋ ಯಾರಾದರೂ ತಂಬೂರಿ ಮೀಟುತ್ತ ಕೂತಿದ್ದರೆ, ಹಾಡು ಮುಗಿದ ಮೇಲೆ ಹೋಗಿ ಒಂದು ಪ್ರಶ್ನೆ ಕೇಳಿ: ಇದನ್ನು ಮಾಡಿದವರು ಯಾರು, ಇದರ ಜವಾರಿ ತೀಡಿದವರು ಯಾರು? ಉತ್ತರ ಗೊತ್ತಿದ್ದರೆ ಬರೆದಿಟ್ಟುಕೊಳ್ಳಿ.